ದೊಡ್ಡ ಬೈಪ್ಲೇನ್ ಹಾರಿಸುವ ಮುಂಚೆ: ಸಿಜಿ, ತಂತಿ, ರಡರ್ ಬಗ್ಗೆ ಓದುಗರ ಪ್ರಶ್ನೆಗಳು

ರಿಮೋಟಿನಿಂದ ಹಾರಿಸುವ ಮಾಡೆಲ್ ವಿಮಾನಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ವಿಮಾನದ್ದು. ಕಾಲು ಅಳತೆಯ, ಅಂದರೆ ನಿಜವಾದದ್ದರ ನಾಲ್ಕರಲ್ಲಿ ಒಂದರಷ್ಟು ದೊಡ್ಡ ಟೈಗರ್ ಮಾತ್. ಇದು ಒಂದರ ಮೇಲೊಂದು ಎರಡು ರೆಕ್ಕೆ ಇರುವ, ಅಂದರೆ ಬೈಪ್ಲೇನ್ ಆಗಿರುವ, ಹಳೇ ಬ್ರಿಟಿಷ್ ತರಬೇತಿ ವಿಮಾನ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪಿಟ್ಸ್, ಸ್ಟೀರ್‌ಮನ್ ಥರದ ಬೇರೆ ಬೈಪ್ಲೇನ್ ಕಟ್ಟಿದವರಿಗೂ ಇದರಲ್ಲಿ ಮುಕ್ಕಾಲು ಪಾಲು ಅನ್ವಯಿಸುತ್ತದೆ.

ಸರ್, ಎರಡು ವರ್ಷ ಕೂತು ಕಾಲು ಅಳತೆಯ ಟೈಗರ್ ಮಾತ್ ಕಟ್ಟಿದ್ದೇನೆ. ಇದುವರೆಗೆ ಹಾರಿಸಿದ್ದು ಒಂದು ಟ್ರೈನರ್, ಒಂದು ಲೋ ವಿಂಗ್ (ಒಡಲಿನ ಕೆಳಭಾಗದಲ್ಲಿ ರೆಕ್ಕೆ ಇರುವ ವಿಮಾನ) ಮಾತ್ರ. ಹಳೇ ಪ್ಲಾನಿನ ಝೆರಾಕ್ಸ್‌ನಲ್ಲಿ ಸಿಜಿಯ (ವಿಮಾನ ಸಮತೂಕದಲ್ಲಿ ನಿಲ್ಲುವ ಜಾಗ) ಗುರುತು ಅಳಿಸಿ ಹೋಗಿದೆ. ಎರಡು ರೆಕ್ಕೆ ಇರುವಾಗ ಸಿಜಿ ಎಲ್ಲಿಂದ ಅಳೆಯಬೇಕು? ತೂಕ 8.5 ಕಿಲೋ ಬಂದಿದೆ, ಜಾಸ್ತಿ ಆಯ್ತಾ?
ಮೈಸೂರಿನ ಓದುಗರು

ತೂಕದ ಚಿಂತೆ ಬಿಡಿ. ನಿಜವಾದ ಟೈಗರ್ ಮಾತ್ ತುಂಬಿದಾಗ ಸುಮಾರು 828 ಕಿಲೋ ತೂಗುತ್ತದೆ. ಅಳತೆ ನಾಲ್ಕರಲ್ಲಿ ಒಂದಾದರೆ ತೂಕ ನಾಲ್ಕರಲ್ಲಿ ಒಂದಾಗುವುದಿಲ್ಲ. 4×4×4, ಅಂದರೆ 64ರಲ್ಲಿ ಒಂದಾಗುತ್ತದೆ. ಆ ಲೆಕ್ಕಕ್ಕೆ 13 ಕಿಲೋ ಹತ್ತಿರ ಬರುತ್ತದೆ. ನಿಮ್ಮದು 8.5 ಕಿಲೋ. ಎರಡೂ ರೆಕ್ಕೆ ಸೇರಿ ಸುಮಾರು 1.4 ಚದರ ಮೀಟರ್ ಜಾಗ ಇರುತ್ತದೆ, ಅಂದರೆ ಪ್ರತಿ ಚದರ ಡೆಸಿಮೀಟರಿಗೆ 60 ಗ್ರಾಂ ಚಿಲ್ಲರೆ ಹೊರೆ. ಈ ಗಾತ್ರಕ್ಕೆ ಇದು ಹಗುರವೇ.

ಇನ್ನು ಸಿಜಿ. ಮೇಲಿನ ರೆಕ್ಕೆಯದು ಒಂದು ಸಿಜಿ, ಕೆಳಗಿನದು ಇನ್ನೊಂದು ಅಂತ ಯೋಚಿಸಬೇಡಿ. ಎರಡೂ ಸೇರಿ ಒಂದೇ ರೆಕ್ಕೆ ಅಂದುಕೊಳ್ಳಿ. ಒಂದೊಂದರ ಅಗಲ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) 33 ಸೆಂ.ಮೀ., ಮೇಲಿನದು ಕೆಳಗಿನದಕ್ಕಿಂತ 10 ಸೆಂ.ಮೀ. ಮುಂದಿದೆ ಅಂತ ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕಷ್ಟೇ, ನಿಮ್ಮದನ್ನು ಅಳೆದು ನೋಡಿ. ಮೇಲಿನ ರೆಕ್ಕೆಯ ಮುಂದಿನ ಅಂಚಿನಿಂದ ಶೇ. 25 ಅಂದರೆ 8.25 ಸೆಂ.ಮೀ. ಕೆಳಗಿನದರ ಶೇ. 25 ಅದೇ ಅಂಚಿನಿಂದ ಅಳೆದರೆ 18.25 ಸೆಂ.ಮೀ. ಇವೆರಡರ ಸರಿ ಮಧ್ಯ 13.25. ಮೊದಲ ಹಾರಾಟಕ್ಕೆ ನಾನಾದರೆ ಅದಕ್ಕಿಂತ ಒಂದು ಸೆಂಟಿಮೀಟರ್ ಮುಂದೆ, 12ರ ಹತ್ತಿರ ಇಡುತ್ತೇನೆ. ಮೂಗು ಭಾರ ಇದ್ದರೆ ವಿಮಾನ ಸ್ವಲ್ಪ ಮಂಕಾಗಿ ಹಾರುತ್ತದೆ ಅಷ್ಟೇ. ಬಾಲ ಭಾರ ಇದ್ದರೆ ಎರಡನೇ ಹಾರಾಟವೇ ಇರುವುದಿಲ್ಲ.

ಟೈಗರ್ ಮಾತ್‌ನಲ್ಲಿ ಒಂದು ಕಿತಾಪತಿ ಇದೆ. ಅದರ ರೆಕ್ಕೆಗಳು ಹಿಂದಕ್ಕೆ ಬಾಗಿವೆ. ನಿಜವಾದ ವಿಮಾನದಲ್ಲಿ ಮುಂದಿನ ಸೀಟಿನವರು ಪ್ಯಾರಾಶೂಟ್ ಕಟ್ಟಿಕೊಂಡು ಹಾರಿ ಪಾರಾಗಲು ಅಡ್ಡಿಯಾಗಬಾರದು ಅಂತ ಮೇಲಿನ ರೆಕ್ಕೆಯ ಮಧ್ಯಭಾಗವನ್ನು ಮುಂದಕ್ಕೆ ತಂದರು, ಅದರಿಂದ ಕೆಟ್ಟ ತೂಕದ ಲೆಕ್ಕ ಸರಿಮಾಡಲು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರು. ಹಾಗಾಗಿ ನೀವು ವಿಮಾನದ ಒಡಲಿನ ಪಕ್ಕ ಅಳೆದರೆ ಲೆಕ್ಕ ತಪ್ಪುತ್ತದೆ. ಬುಡಕ್ಕೂ ತುದಿಗೂ ಮಧ್ಯ ಒಂದು ಜಾಗ ಹಿಡಿದು, ಅಲ್ಲಿ ಅಳೆದು, ಆ ಗೆರೆಯನ್ನು ಒಡಲಿಗೆ ತನ್ನಿ.

ಟ್ಯಾಂಕ್ ಖಾಲಿ ಇಟ್ಟುಕೊಂಡೇ ಸಿಜಿ ನೋಡಿ. ಟ್ಯಾಂಕ್ ಸಾಮಾನ್ಯವಾಗಿ ಸಿಜಿಗಿಂತ ಮುಂದೆ ಇರುತ್ತದೆ, ಪೆಟ್ರೋಲ್ ಖರ್ಚಾದಂತೆ ತೂಕ ಹಿಂದಕ್ಕೆ ಸರಿಯುತ್ತದೆ. ಈ ವಿಮಾನದ ಮೂಗು ಮೊದಲೇ ಮೋಟು. ಕೊನೆಗೆ ಮೂಗಿಗೆ ಸೀಸ ಸೇರಿಸಬೇಕಾಗಿ ಬಂದರೆ ಬೇಜಾರಾಗಬೇಡಿ, ಸಿಜಿ ಕೆಟ್ಟಿರುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಮೊದಲು ಬ್ಯಾಟರಿಗಳನ್ನು ಎಂಜಿನ್ ಗೋಡೆಯವರೆಗೂ ದೂಡಿ ನೋಡಿ. ಬಾಲಕ್ಕೆ ಇನ್ನೊಂದು ಕೋಟ್ ಪೇಂಟ್ ಹೊಡೆಯುವ ಆಸೆಯನ್ನೂ ಬಿಡಿ.

ಸಿಜಿಗಿಂತ ನನಗೆ ಜಾಸ್ತಿ ಭಯ ಇರುವುದು ತಂತಿಗಳ ಮೇಲೆ. ರೆಕ್ಕೆಗಳ ನಡುವಿನ ತಂತಿಗಳನ್ನು ವೀಣೆ ಶ್ರುತಿ ಮಾಡಿದ ಹಾಗೆ ಬಿಗಿ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಹಗುರ ಬಾಲ್ಸಾ ಮರದ ರೆಕ್ಕೆ ತಿರುಚಿಕೊಳ್ಳುತ್ತದೆ. ಎಡಗಡೆ ಒಂದು ಡಿಗ್ರಿ ಜಾಸ್ತಿ, ಬಲಗಡೆ ಒಂದು ಡಿಗ್ರಿ ಕಡಿಮೆ ಆದರೆ ಸಾಕು, ನಿಧಾನ ಹಾರುವಾಗ ಒಂದು ಕಡೆ ಮೊದಲು ಸ್ಟಾಲ್ ಆಗಿ (ಎತ್ತುವ ಬಲ ಕಳೆದುಕೊಂಡು) ವಿಮಾನ ಮಗುಚಿಕೊಳ್ಳುತ್ತದೆ. ತಂತಿ ಜೋಲು ಬೀಳದಷ್ಟು ಬಿಗಿ ಇದ್ದರೆ ಸಾಕು. ಎಲ್ಲ ಬಿಗಿ ಮಾಡಿದ ಮೇಲೆ ಇನ್ಸಿಡೆನ್ಸ್ ಮೀಟರ್ (ರೆಕ್ಕೆಯ ಕೋನ ಅಳೆಯುವ ಸಾಧನ) ಇಟ್ಟು ನಾಲ್ಕೂ ರೆಕ್ಕೆಗಳನ್ನು ಬುಡದಲ್ಲೂ ತುದಿಯಲ್ಲೂ ನೋಡಿ. ಮೇಲಿನದಕ್ಕೂ ಕೆಳಗಿನದಕ್ಕೂ ಅರ್ಧ ಡಿಗ್ರಿ ವ್ಯತ್ಯಾಸ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದ್ದರೆ ಮಾತ್ರ ಅವತ್ತು ವಿಮಾನ ಶೆಡ್ಡಿನಿಂದ ಹೊರಗೆ ಬರಬಾರದು.

ನನ್ನ ಟೈಗರ್ ಮಾತ್ ತಿರುಗುವುದೇ ವಿಚಿತ್ರ. ಎಡಕ್ಕೆ ವಾಲಿಸಿದರೆ ಮೂಗು ಬಲಕ್ಕೆ ಹೋಗುತ್ತದೆ, ಆಮೇಲೆ ಒಂಥರಾ ಜಾರುತ್ತದೆ. ಟೇಕಾಫ್‌ನಲ್ಲಿ ಎಡಕ್ಕೆ ಎಳೆಯುತ್ತದೆ. ನಿಜವಾದ ಟೈಗರ್ ಮಾತ್ ಬಲಕ್ಕೆ ಎಳೆಯುತ್ತದೆ ಅಂತ ಒಬ್ಬರು ಪೈಲಟ್ ಹೇಳಿದರು. ನಾನು ಎಂಜಿನ್ ಉಲ್ಟಾ ಕೂರಿಸಿದ್ದೇನಾ?
ಹುಬ್ಬಳ್ಳಿಯ ಓದುಗರು

ಎಂಜಿನ್ ಸರಿಯಾಗೇ ಇದೆ. ಪೈಲಟ್ ಹೇಳಿದ್ದೂ ಸರಿ. ನಿಜವಾದ ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್, ಕಾಕ್‌ಪಿಟ್‌ನಿಂದ ನೋಡಿದರೆ ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ಅದಕ್ಕೇ ಅದು ಬಲಕ್ಕೆ ಎಳೆಯುತ್ತದೆ. ನಮ್ಮ ಮಾಡೆಲ್ ಎಂಜಿನ್‌ಗಳು ಮಾಮೂಲಾಗಿ ಅದಕ್ಕೆ ಉಲ್ಟಾ ತಿರುಗುತ್ತವೆ, ಹಾಗಾಗಿ ಎಡಕ್ಕೆ ಎಳೆಯುತ್ತವೆ, ನೀವು ಬಲ ರಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ, ಬಾಲದ ನೆಟ್ಟಗಿನ ಪಟ್ಟಿ) ಕೊಡಬೇಕು. ನಿಜವಾದದ್ದರ ವಿಡಿಯೋ ನೋಡಿ ಎಡ ರಡರ್ ಅಭ್ಯಾಸ ಮಾಡಿಕೊಂಡರೆ ಮೊದಲ ಟೇಕಾಫ್ ನೇರ ಬೇಲಿಗೆ.

ಟೇಕಾಫ್‌ನಲ್ಲಿ ಥ್ರಾಟಲ್ ಒಂದೇ ಸಲ ತಳ್ಳಬೇಡಿ. ನಿಧಾನವಾಗಿ, ಮೂರು ನಾಲ್ಕು ಸೆಕೆಂಡ್ ಹಿಡಿದು ಏರಿಸಿ. ಎಲಿವೇಟರ್ (ಮೂಗನ್ನು ಮೇಲೆ ಕೆಳಗೆ ಮಾಡುವ, ಬಾಲದ ಅಡ್ಡಪಟ್ಟಿ) ಸ್ವಲ್ಪ ಮೇಲಕ್ಕೆ ಹಿಡಿದುಕೊಂಡೇ ಶುರು ಮಾಡಿ, ಬಾಲದ ಚಕ್ರ ನೆಲ ಕಚ್ಚಿಕೊಂಡಿದ್ದರೆ ದಿಕ್ಕು ಕೈಯಲ್ಲಿರುತ್ತದೆ. ವೇಗ ಬಂದಾಗ ಸಡಿಲ ಬಿಡಿ, ಬಾಲ ತಾನೇ ಏಳುತ್ತದೆ. ಬಾಲ ಏಳುವ ಆ ಕ್ಷಣದಲ್ಲಿ ಇನ್ನೊಂದು ಸಲ ಎಡಕ್ಕೆ ಎಳೆಯುತ್ತದೆ, ಎಷ್ಟೋ ಜನ ಅಲ್ಲೇ ಗಾಬರಿ ಆಗುವುದು.

ಈಗ ಮೂಗು ಉಲ್ಟಾ ಹೋಗುವ ವಿಷಯ. ಟೈಗರ್ ಮಾತ್‌ನಲ್ಲಿ ಏಲೆರಾನ್ (ವಿಮಾನವನ್ನು ವಾಲಿಸುವ, ರೆಕ್ಕೆಯ ಹಿಂದಂಚಿನ ಪಟ್ಟಿ) ಇರುವುದು ಕೆಳಗಿನ ರೆಕ್ಕೆಗಳಲ್ಲಿ ಮಾತ್ರ. ಎಡಕ್ಕೆ ವಾಲಿಸಿದಾಗ ಬಲ ಏಲೆರಾನ್ ಕೆಳಕ್ಕೆ ಇಳಿಯುತ್ತದೆ, ಆ ಕಡೆ ಗಾಳಿಯ ಎಳೆತ ಜಾಸ್ತಿ ಆಗಿ ಮೂಗನ್ನು ಬಲಕ್ಕೆ ಜಗ್ಗುತ್ತದೆ. ನಿಧಾನ ಹಾರುವ, ಉದ್ದ ರೆಕ್ಕೆಯ ಎಲ್ಲ ಹಳೇ ವಿಮಾನಗಳ ಹಣೆಬರಹ ಇದು. ಇದನ್ನು ಮಾಡಿದ ಡಿ ಹ್ಯಾವಿಲೆಂಡ್‌ನವರಿಗೆ ಇದು ಗೊತ್ತಿತ್ತು. ನಿಜವಾದದ್ದರಲ್ಲಿ ಮೇಲಕ್ಕೆ ಹೋಗುವ ಏಲೆರಾನ್ ಚೆನ್ನಾಗಿ ಏಳುತ್ತದೆ, ಕೆಳಕ್ಕೆ ಹೋಗಬೇಕಾದದ್ದು ಹೆಚ್ಚುಕಡಿಮೆ ಕದಲುವುದೇ ಇಲ್ಲ, ಅಂಥ ಲಿಂಕೇಜ್ ಮಾಡಿದ್ದರು.

ನೀವೂ ಹಾಗೇ ಮಾಡಿ. ಎರಡು ಏಲೆರಾನಿಗೆ ಎರಡು ಸರ್ವೋ (ಪಟ್ಟಿಯನ್ನು ಆಡಿಸುವ ಪುಟ್ಟ ಮೋಟರ್), ಎರಡು ಚಾನೆಲ್ ಇದ್ದರೆ ರಿಮೋಟಿನ ಟ್ರಾನ್ಸ್‌ಮಿಟರ್‌ನಲ್ಲೇ ಡಿಫರೆನ್ಷಿಯಲ್ ಸಿಗುತ್ತದೆ. ಮೇಲಕ್ಕೆ 25 ಮಿ.ಮೀ. ಇದ್ದರೆ ಕೆಳಕ್ಕೆ 8 ಮಿ.ಮೀ.ನಿಂದ ಶುರು ಮಾಡಿ. ಇಷ್ಟು ಮಾಡಿದರೂ ರಡರ್ ಬೇಕೇ ಬೇಕು. ವಾಲಿಸುವ ಮುಂಚೆ ಒಂಚೂರು ರಡರ್, ಜೊತೆಗೇ ಏಲೆರಾನ್, ವಾಲಿದ ಮೇಲೆ ಏಲೆರಾನ್ ಬಿಟ್ಟು ರಡರ್ ಹಗುರವಾಗಿ ಹಿಡಿದಿರಿ.

ಮಿಕ್ಸ್ ಹಾಕಿ ಏಲೆರಾನ್ ಜೊತೆ ರಡರ್ ತಾನೇ ಬರುವ ಹಾಗೆ ಮಾಡಬಹುದಲ್ವಾ ಅಂತ ಕೇಳುತ್ತೀರಿ. ಮಾಡಬಹುದು. ನನಗೆ ಇಷ್ಟ ಇಲ್ಲ. ಲ್ಯಾಂಡಿಂಗ್‌ನಲ್ಲಿ ಅಡ್ಡಗಾಳಿ ಬಂದರೆ ಏಲೆರಾನ್ ಒಂದು ಕಡೆ, ರಡರ್ ಇನ್ನೊಂದು ಕಡೆ ಕೊಡಬೇಕಾಗುತ್ತದೆ, ಆಗ ಆ ಮಿಕ್ಸ್ ನಿಮ್ಮ ಕೈಗೆ ಎದುರಾಗಿ ಕೆಲಸ ಮಾಡುತ್ತದೆ. ಹಾಕಲೇಬೇಕು ಅಂದರೆ ಒಂದು ಸ್ವಿಚ್‌ಗೆ ಹಾಕಿಕೊಳ್ಳಿ. ಟ್ರೈನರ್ ಹಾರಿಸಿದ ನಮ್ಮಲ್ಲಿ ಬಹಳ ಜನಕ್ಕೆ ರಡರ್ ಸ್ಟಿಕ್ ಅಂದರೆ ನೆಲದ ಮೇಲೆ ಓಡಿಸಲು ಮಾತ್ರ, ಮೇಲೆ ಹೋದ ಮೇಲೆ ಆ ಬೆರಳು ನಿದ್ದೆ ಹೋಗುತ್ತದೆ. ನಿಮ್ಮ ಹಳೇ ಟ್ರೈನರ್‌ನಲ್ಲೇ ಒಂದಷ್ಟು ದಿನ ಬರೀ ರಡರ್ ಜೊತೆ ಎಂಟು ಬರೆಯುತ್ತಾ ಹಾರಿಸಿ, ಆಮೇಲೆ ಬೈಪ್ಲೇನ್ ತೆಗೆಯಿರಿ.

ಮಂಗಳೂರಿನಲ್ಲಿ ಚೆನ್ನಾಗಿ ಓಡುತ್ತಿದ್ದ ಪೆಟ್ರೋಲ್ ಎಂಜಿನ್ ಬೆಂಗಳೂರಿಗೆ ಬಂದ ಮೇಲೆ ಹೊಗೆ ಉಗುಳುತ್ತದೆ, ದಮ್ಮೂ ಕಡಿಮೆ. ಜೊತೆಗೆ ಸರ್ವೋ ಆಗಾಗ ತಾನೇ ನಡುಗುತ್ತದೆ. ಎರಡಕ್ಕೂ ಸಂಬಂಧ ಇದೆಯಾ?
ಬೆಂಗಳೂರಿನ ಓದುಗರು

ಸಂಬಂಧ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಗಾಳಿ ಮಂಗಳೂರಿಗಿಂತ ಶೇ. 9ರಷ್ಟು ತೆಳು. ಪೆಟ್ರೋಲ್ ಅಷ್ಟೇ ಬರುತ್ತಿದೆ, ಗಾಳಿ ಕಡಿಮೆ, ಹಾಗಾಗಿ ಎಂಜಿನ್ ರಿಚ್ ಆಗಿದೆ. ಹೈ ನೀಡಲ್ (ಪೂರ್ತಿ ವೇಗದಲ್ಲಿ ಪೆಟ್ರೋಲ್ ಪ್ರಮಾಣ ಹೊಂದಿಸುವ ತಿರುಪು) ಸ್ವಲ್ಪ ಸ್ವಲ್ಪವೇ ಒಳಕ್ಕೆ ತಿರುಗಿಸಿ ಮತ್ತೆ ಟ್ಯೂನ್ ಮಾಡಿ. ಪೂರ್ತಿ ದಮ್ಮು ವಾಪಸ್ ಬರುವುದಿಲ್ಲ, ಗಾಳಿಯೇ ಇಲ್ಲದಿದ್ದರೆ ಎಲ್ಲಿಂದ ಬರುತ್ತದೆ. ಮುಂದೆ ಮಂಗಳೂರಿಗೆ ಹೋದಾಗ ನೀಡಲ್ ಮತ್ತೆ ತೆರೆಯಲು ಮರೆತರೆ ಎಂಜಿನ್ ಲೀನ್ ಆಗಿ (ಪೆಟ್ರೋಲ್ ಸಾಲದೆ) ಸುಡುತ್ತದೆ, ಅದು ಇದಕ್ಕಿಂತ ಕೆಟ್ಟದ್ದು.

ಸರ್ವೋ ನಡುಗುವುದಕ್ಕೆ ಮೊದಲ ಅನುಮಾನ ಇಗ್ನಿಷನ್ ಮೇಲೆ. ಸ್ಪಾರ್ಕ್ ಪ್ಲಗ್ ಕ್ಯಾಪ್ ಸಡಿಲ ಇದ್ದರೆ, ತಂತಿಯ ಮೇಲಿನ ಲೋಹದ ಹೆಣಿಗೆ ಹರಿದಿದ್ದರೆ ಅದು ರೇಡಿಯೋಗೆ ಕಾಟ ಕೊಡುತ್ತದೆ. ಇಗ್ನಿಷನ್ನಿಗೆ ಬೇರೆ ಬ್ಯಾಟರಿ ಇರಲಿ, ಅದರ ಡಬ್ಬಿಗೂ ರಿಮೋಟಿನ ಸಂಕೇತ ಹಿಡಿಯುವ ರಿಸೀವರಿಗೂ ನಡುವೆ ಆದಷ್ಟು ದೂರ ಇರಲಿ. ರೇಂಜ್ ಚೆಕ್ (ರಿಮೋಟ್ ಎಷ್ಟು ದೂರದವರೆಗೆ ಮುಟ್ಟುತ್ತದೆ ಅನ್ನುವ ಪರೀಕ್ಷೆ) ಮಾಡುವಾಗ ಎಂಜಿನ್ ನಿಲ್ಲಿಸಿ ಒಂದು ಸಲ, ಓಡಿಸುತ್ತಾ ಒಂದು ಸಲ ಮಾಡಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಬಂದರೆ ಕಳ್ಳ ಸಿಕ್ಕಿದ ಹಾಗೆ. ಫೇಲ್‌ಸೇಫ್‌ನಲ್ಲಿ (ರಿಮೋಟ್ ಸಂಪರ್ಕ ತಪ್ಪಿದಾಗ) ಥ್ರಾಟಲ್ ಪೂರ್ತಿ ಇಳಿಯಬೇಕು. ರಿಮೋಟಿನಿಂದ ಇಗ್ನಿಷನ್ ಆರಿಸುವ ಸ್ವಿಚ್ ಇಲ್ಲದೆ ಈ ಗಾತ್ರದ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಬೆರಳು ಮತ್ತೆ ಬೆಳೆಯುವುದಿಲ್ಲ. ರಿಸೀವರಿಗೆ ಎರಡು ಬ್ಯಾಟರಿ, ಎರಡು ಸ್ವಿಚ್ ಹಾಕಿ. ಎಲಿವೇಟರಿಗೆ ಎರಡು ಸರ್ವೋ ಹಾಕಿ, ಒಂದು ಸತ್ತರೂ ಇನ್ನೊಂದರಲ್ಲಿ ಇಳಿಸಬಹುದು.

ಹಾರುವುದೆಲ್ಲ ಸಲೀಸು. ಇಳಿಸುವಾಗ ಮಾತ್ರ ನೆಲದಿಂದ ಒಂದು ಮೀಟರ್ ಮೇಲೆ ಧೊಪ್ಪಂತ ಬೀಳುತ್ತದೆ, ಇಲ್ಲಾಂದ್ರೆ ಚಕ್ರ ಮುಟ್ಟಿದ ಕೂಡಲೇ ಮೂಗಿನ ಮೇಲೆ ಮಗುಚುತ್ತದೆ. ಈಗಾಗಲೇ ಪ್ರೊಪೆಲ್ಲರಿಗೆ ಸುರಿದ ದುಡ್ಡು ಹೆಂಡತಿಗೆ ಹೇಳಿಲ್ಲ.
ತುಮಕೂರಿನ ಓದುಗರು

ಅದು ನಿಮ್ಮಿಬ್ಬರ ನಡುವಿನ ವಿಷಯ, ನಾನು ತಲೆ ಹಾಕುವುದಿಲ್ಲ.

ಧೊಪ್ಪಂತ ಬೀಳುವುದಕ್ಕೆ ಕಾರಣ ನೀವು ಥ್ರಾಟಲ್ ಬೇಗ ಮುಚ್ಚುತ್ತಿರುವುದು. ನುಣುಪಾದ ಲೋ ವಿಂಗ್ ವಿಮಾನ ಥ್ರಾಟಲ್ ಮುಚ್ಚಿದರೂ ತೇಲುತ್ತಾ ಹೋಗುತ್ತದೆ. ಬೈಪ್ಲೇನ್‌ನಲ್ಲಿ ಎರಡು ರೆಕ್ಕೆ, ಕಂಬಗಳು, ತಂತಿಗಳು, ದೊಡ್ಡ ಚಕ್ರಗಳು ಎಲ್ಲ ಸೇರಿ ಗಾಳಿಗೆ ಅಡ್ಡ ನಿಂತಿರುತ್ತವೆ. ಎಂಜಿನ್ ಬಿಟ್ಟ ಕೂಡಲೇ ವೇಗ ಸತ್ತು ಹೋಗುತ್ತದೆ. ಕಾಲು ಭಾಗ ಥ್ರಾಟಲ್ ಹಿಡಿದುಕೊಂಡೇ ಇಳಿಯಿರಿ, ಎತ್ತರವನ್ನು ಥ್ರಾಟಲ್‌ನಿಂದ ಸರಿ ಮಾಡಿ, ಎಲಿವೇಟರ್‌ನಿಂದ ಅಲ್ಲ. ಅರ್ಧ ಮೀಟರ್ ಇದ್ದಾಗ ಥ್ರಾಟಲ್ ನಿಧಾನ ಕಡಿಮೆ ಮಾಡುತ್ತಾ ಎಲಿವೇಟರ್ ನಿಧಾನ ಎಳೆಯುತ್ತಾ ಬನ್ನಿ. ಪುಟಿದರೆ ಮೂಗು ಕೆಳಕ್ಕೆ ತಳ್ಳಬೇಡಿ. ಸ್ವಲ್ಪ ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಹೊಡೆಯಿರಿ. ಮೇಲಿದ್ದಾಗ ಎಂಜಿನ್ ನಿಂತು ಹೋದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ, ತಕ್ಷಣ ಮೂಗು ಕೆಳಕ್ಕೆ. ರನ್‌ವೇವರೆಗೂ ಎಳೆದು ತರುವ ಆಸೆ ಬೇಡ, ಎದುರಿಗೆ ಸಿಕ್ಕ ಹೊಲ ಸಾಕು.

ಮಗುಚುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಚಕ್ರ ಮುಟ್ಟಿದ ಮೇಲೆ ನೀವು ಎಲಿವೇಟರ್ ಬಿಟ್ಟುಬಿಡುತ್ತೀರಿ. ವಿಮಾನ ಪೂರ್ತಿ ನಿಲ್ಲುವವರೆಗೂ ಎಳೆದು ಹಿಡಿದಿರಬೇಕು. ಇನ್ನೊಂದು, ಚಕ್ರದ ಆಕ್ಸಲ್ ಹಿಂದೆ ಇದೆ. ವಿಮಾನವನ್ನು ಹಾರುವ ಭಂಗಿಯಲ್ಲಿ ನೇರ ನಿಲ್ಲಿಸಿ ನೋಡಿ. ಆಕ್ಸಲ್ ಸಿಜಿಗಿಂತ ಸಾಕಷ್ಟು ಮುಂದೆ ಇಲ್ಲದಿದ್ದರೆ ಚಕ್ರದ ಕಾಲುಗಳನ್ನು ಒಂದೆರಡು ಸೆಂ.ಮೀ. ಮುಂದಕ್ಕೆ ಬಾಗಿಸಿ. ನೋಡಲು ಚೂರು ತಪ್ಪು ಕಾಣುತ್ತದೆ, ಆದರೆ ನಮ್ಮ ಮೈದಾನಗಳ ಹುಲ್ಲಿನಲ್ಲಿ ಅದು ಬೇಕು. ಕೆರೆ ಅಂಗಳದಂಥ ಉಬ್ಬುತಗ್ಗಿನ ನೆಲ ಆದರೆ ಚಕ್ರವೂ ಒಂದು ಸೈಜ್ ದೊಡ್ಡದಿರಲಿ. ಆಷಾಢದ ಗಾಳಿಯಲ್ಲಂತೂ ಈ ವಿಮಾನ ತೆಗೆಯಲೇಬೇಡಿ. ನಿಜವಾದದ್ದಕ್ಕೇ ಬ್ರೇಕ್ ಇರಲಿಲ್ಲ, ಗಾಳಿ ಇದ್ದ ದಿನ ನೆಲದ ಮೇಲೆ ಓಡಿಸಲು ರೆಕ್ಕೆ ತುದಿ ಹಿಡಿದುಕೊಂಡು ನಡೆಯುವವರು ಬೇಕಾಗುತ್ತಿದ್ದರು. ನಮ್ಮ ವಾಯುಪಡೆಯೂ ಇದರಲ್ಲೇ ಪೈಲಟ್‌ಗಳನ್ನು ತಯಾರು ಮಾಡುತ್ತಿತ್ತು, ಆಮೇಲೆ ಆ ಜಾಗಕ್ಕೆ ಬೆಂಗಳೂರಿನ ಎಚ್‌ಎಎಲ್ ಮಾಡಿದ ಎಚ್‌ಟಿ-2 ಬಂತು. 1951ರಲ್ಲಿ ಮೊದಲು ಹಾರಿದ ಆ ಎಚ್‌ಟಿ-2ರ ಮಾಡೆಲ್ ಯಾರಾದರೂ ಕಟ್ಟಿದರೆ ನನಗೆ ಫೋಟೋ ಕಳಿಸಿ.

ಇಷ್ಟು ದೊಡ್ಡದನ್ನು ಎಲ್ಲಿ ಬೇಕಾದರೂ ಹಾರಿಸಬಹುದಾ? ಡ್ರೋನ್ ಕಾನೂನು ಇದಕ್ಕೂ ಬರುತ್ತಾ?
ದೊಡ್ಡಬಳ್ಳಾಪುರದ ಓದುಗರು

ಬರುತ್ತದೆ. 2021ರ ಡ್ರೋನ್ ನಿಯಮಗಳಲ್ಲಿ 25 ಕಿಲೋವರೆಗಿನ, ಹವ್ಯಾಸಕ್ಕೆ ಕಣ್ಣಳತೆಯಲ್ಲೇ ಹಾರಿಸುವ ಮಾಡೆಲ್ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ (ಆ ವಿನ್ಯಾಸಕ್ಕೆ ಕೊಡುವ ಪ್ರಮಾಣಪತ್ರ) ಬೇಡ ಅಂತ ಇದೆ. ಆದರೆ ಹಾರುವ ಜಾಗದ ನಿಯಮ ಎಲ್ಲರಿಗೂ ಒಂದೇ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನ ಹಸಿರು (ಅನುಮತಿ ಬೇಡದ) ವಲಯದಲ್ಲಿದೆಯಾ ನೋಡಿ. ಹಸಿರಿನಲ್ಲಿ 400 ಅಡಿವರೆಗೆ ಹೋಗಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಇದ್ದರೆ 200 ಅಡಿ ಮಾತ್ರ. ಅದಕ್ಕಿಂತ ಹತ್ತಿರ ಇದ್ದರೆ ಅನುಮತಿ ಇಲ್ಲದೆ ಎಂಜಿನ್ ಸ್ಟಾರ್ಟ್ ಮಾಡುವ ಯೋಚನೆಯೇ ಬೇಡ. ಬೆಂಗಳೂರಿನ ಉತ್ತರಕ್ಕೆ ದೇವನಹಳ್ಳಿ, ಯಲಹಂಕ, ಜಕ್ಕೂರು ಮೂರೂ ವಿಮಾನ ನಿಲ್ದಾಣಗಳು ಒತ್ತೊತ್ತಾಗಿ ಇವೆ, ನಿಮ್ಮ ಕಡೆಯವರು ನಕ್ಷೆ ಹಿಗ್ಗಿಸಿ ನೋಡಿಯೇ ಹೊಲ ಹುಡುಕಬೇಕು. ಮಾಮೂಲಿ ಹಸಿರಾಗಿರುವ ಜಾಗವನ್ನೂ ಕೆಲವು ದಿನಗಳ ಮಟ್ಟಿಗೆ ಕೆಂಪು (ಹಾರಿಸಬಾರದ) ವಲಯ ಮಾಡುವ ಅಧಿಕಾರ ಸರ್ಕಾರಕ್ಕೆ, ಪೊಲೀಸರಿಗೆ ಇದೆ. ಹಾಗಾಗಿ ಹಾರಿಸುವ ದಿನ ಬೆಳಗ್ಗೆ ಕಾರಿಗೆ ರೆಕ್ಕೆ ತುಂಬುವ ಮುಂಚೆ ನಕ್ಷೆಯನ್ನು ಇನ್ನೊಂದು ಸಲ ತೆರೆದು ನೋಡಿ.