ಓದುಗರ ಪ್ರಶ್ನೆ: ಲಂಡನ್ನಿನಲ್ಲಿ ಎರಡು ದಿನ, ಗಡಿಯಾರಗಳಿಗೆಂದೇ

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೊರಟಿದ್ದೇನೆ. ನನ್ನ ಪಾಡಿಗೆ ಸುತ್ತಲು ಸಿಗುವುದು ಎರಡೇ ದಿನ. ಹಳೇ ಗಡಿಯಾರಗಳೆಂದರೆ ಹುಚ್ಚು. ಏನನ್ನು ಬಿಡಬಾರದು?
— ಓದುಗರು, ಶಿವಮೊಗ್ಗ

ಉತ್ತರ: ಗಡಿಯಾರ ನೋಡುವವರು ಸ್ಥಳದ ಪಟ್ಟಿ ಮಾಡಬಾರದು, ವೇಳಾಪಟ್ಟಿ ಮಾಡಬೇಕು. ಯಾವ ಗಡಿಯಾರ ಎಷ್ಟು ಹೊತ್ತಿಗೆ ಏನು ಮಾಡುತ್ತದೆ ಎಂದು ತಿಳಿದು ಆ ಹೊತ್ತಿಗೆ ಅಲ್ಲಿರಬೇಕು.

ಮೊದಲ ದಿನ ಗ್ರೀನಿಚ್. ಲಂಡನ್ ಬ್ರಿಜ್‌ನಿಂದ ರೈಲಿನಲ್ಲಿ ಗ್ರೀನಿಚ್ ನಿಲ್ದಾಣಕ್ಕೆ ಹೋಗಿ, ಪಾರ್ಕಿನ ಏರು ಹತ್ತಿದರೆ ಹಳೇ ವೀಕ್ಷಣಾಲಯ. ಬೆಳಿಗ್ಗೆ 10ಕ್ಕೇ ಒಳಗೆ ಹೋಗಿ. ಶಾಲೆ ಮಕ್ಕಳ ಗುಂಪು ಬಂದಮೇಲೆ ಹಡಗು ಸಮುದ್ರದಲ್ಲಿ ಎಲ್ಲಿದೆ ಎಂದು ತಿಳಿಯಲೆಂದು 18ನೇ ಶತಮಾನದಲ್ಲಿ ಜಾನ್ ಹ್ಯಾರಿಸನ್ ಮಾಡಿದ ಗಡಿಯಾರಗಳ ಮುಂದೆ ನಿಲ್ಲಲು ಜಾಗ ಇರುವುದಿಲ್ಲ. ಟಿಕೆಟ್ ಇದೆ, ಯಾವ ಕೊಠಡಿ ತೆರೆದಿದೆ ಎಂದು ಅವರ ಜಾಲತಾಣದಲ್ಲಿ ನೋಡಿಕೊಂಡೇ ಕೊಳ್ಳಿ. 12.50ಕ್ಕೆ ಹೊರಗೆ ಬಂದು ಗೋಪುರದ ತುದಿಯ ಕೆಂಪು ಚೆಂಡಿನ ಮೇಲೆ ಕಣ್ಣಿಡಿ. 12.55ಕ್ಕೆ ಅದು ಕಂಬದ ಅರ್ಧಕ್ಕೆ ಏರುತ್ತದೆ, 12.58ಕ್ಕೆ ತುದಿಗೆ, ಸರಿಯಾಗಿ 1ಕ್ಕೆ ಕೆಳಗೆ ಬೀಳುತ್ತದೆ. ಥೇಮ್ಸ್ ನದಿಯ ಹಡಗಿನವರು ತಮ್ಮ ಗಡಿಯಾರ ಸರಿಮಾಡಿಕೊಳ್ಳಲಿ ಎಂದು 1833ರಲ್ಲಿ ಕೂರಿಸಿದ್ದು. ಗಾಳಿ ಜೋರಾಗಿದ್ದರೆ ಏರಿಸುವುದಿಲ್ಲ. ನೆನಪಿಡಿ, ಚೆಂಡು ಬೀಳಲು ಶುರುವಾದ ಕ್ಷಣವೇ 1 ಗಂಟೆ, ತಳ ಮುಟ್ಟಿದ ಕ್ಷಣವಲ್ಲ.

ಸಂಜೆ ಫ್ಲೀಟ್ ಸ್ಟ್ರೀಟ್‌ನ ಸೇಂಟ್ ಡನ್‌ಸ್ಟನ್ ಚರ್ಚಿನ ಮುಂದೆ, ಗಂಟೆಗೆ ಐದು ನಿಮಿಷ ಮೊದಲು, ಎದುರು ಬದಿಯ ಕಾಲುದಾರಿಯಲ್ಲಿ ನಿಲ್ಲಿ. 1671ರ ಗಡಿಯಾರ ಅದು. ಗದೆ ಹಿಡಿದ ಇಬ್ಬರು ದೈತ್ಯರು ಗಂಟೆ ಹೊಡೆಯುತ್ತಾರೆ. ಚರ್ಚಿನ ಕೆಳಗೇ ನಿಂತವರಿಗೆ ಸದ್ದು ಮಾತ್ರ.

ಎರಡನೇ ದಿನ ಸೌತ್ ಕೆನ್ಸಿಂಗ್ಟನ್‌ನ ಸೈನ್ಸ್ ಮ್ಯೂಸಿಯಂ. ಎರಡನೇ ಮಹಡಿಯಲ್ಲಿ ಲಂಡನ್ನಿನ ಗಡಿಯಾರ ತಯಾರಕರ ಸಂಘದ ಸಂಗ್ರಹವಿದೆ. 2015ರಲ್ಲಿ ಗಿಲ್ಡ್‌ಹಾಲ್‌ನಿಂದ ಇಲ್ಲಿಗೆ ಬಂದದ್ದು. ಪ್ರವೇಶ ಉಚಿತ. ಅಲ್ಲಿಂದ ಬ್ರಿಟಿಷ್ ಮ್ಯೂಸಿಯಂನ 38 ಮತ್ತು 39ನೇ ಕೊಠಡಿಗಳು, ಅವೂ ಉಚಿತ. ಈ ದಿನ ಶುಕ್ರವಾರವಾದರೆ ಒಳ್ಳೆಯದು, ಅಂದು ಅದು ರಾತ್ರಿ 8.30ರವರೆಗೆ ತೆರೆದಿರುತ್ತದೆ. ಅಲ್ಲಿ ಕಾಂಗ್ರೀವ್‌ನ ಉರುಳುಗುಂಡಿನ ಗಡಿಯಾರ ಹುಡುಕಿ: ಅಂಕುಡೊಂಕಿನ ಕಾಲುವೆಯಲ್ಲಿ ಒಂದು ಗುಂಡು ಉರುಳಿ ತುದಿ ಮುಟ್ಟಿದಾಗ ತಟ್ಟೆ ಆಚೆ ಬದಿಗೆ ವಾಲುತ್ತದೆ. ಕಾಲುವೆಯಲ್ಲಿ ಚೂರು ಧೂಳು ಕೂತರೂ ಗುಂಡಿನ ವೇಗ ಬದಲು. ಗಡಿಯಾರವಾಗಿ ಅದು ದಂಡ, ನೋಡಲು ಮಾತ್ರ ಕಣ್ಣು ಕೀಳಲಾಗುವುದಿಲ್ಲ.

ಪ್ರಶ್ನೆ: ಗ್ರೀನಿಚ್‌ನಲ್ಲಿ ಹ್ಯಾರಿಸನ್ನನ ಮೊದಲ ಮೂರು ಗಡಿಯಾರ ಓಡುತ್ತವೆ, ಬಹುಮಾನ ಗೆಲ್ಲಿಸಿದ ನಾಲ್ಕನೆಯದನ್ನೇ ನಿಲ್ಲಿಸಿದ್ದಾರಂತೆ. ಕೆಟ್ಟಿದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಕೆಟ್ಟಿಲ್ಲ. ವ್ಯತ್ಯಾಸವೆಲ್ಲ ಎಣ್ಣೆಯದು. 1735ರ ಮೊದಲನೆಯದರಲ್ಲಿ, ಅಂದರೆ ಎಚ್1ರಲ್ಲಿ, ಹ್ಯಾರಿಸನ್ ಮರದ ಹಲ್ಲುಗಾಲಿ ಇಟ್ಟ, ಉಜ್ಜಾಟ ಇರುವಲ್ಲೆಲ್ಲ ಉರುಳೆ ಹಾಕಿದ. ಎಣ್ಣೆ ಬೇಡ, ಆದ್ದರಿಂದ ಎಣ್ಣೆ ಜಿಗುಟಾಗುವ ರಗಳೆಯೂ ಇಲ್ಲ. 1759ರಲ್ಲಿ ಮುಗಿದ ನಾಲ್ಕನೆಯದು, ಎಚ್4, ಸುಮಾರು 13 ಸೆಂಟಿಮೀಟರ್ ಅಗಲದ, ಜೇಬು ಗಡಿಯಾರದ ರೂಪದ ಯಂತ್ರ. ಅದಕ್ಕೆ ಎಣ್ಣೆ ಬೇಕೇ ಬೇಕು. ಓಡಿಸಿದರೆ ಆಗಾಗ ಪೂರ್ತಿ ಬಿಚ್ಚಿ ತೊಳೆಯಬೇಕು, ಬಿಚ್ಚಿದಷ್ಟೂ ಮೂಲ ಭಾಗಗಳು ಸವೆಯುತ್ತವೆ. ಅದಕ್ಕೇ ನಿಲ್ಲಿಸಿಟ್ಟಿದ್ದಾರೆ. 1761ರಲ್ಲಿ ಜಮೈಕಾಕ್ಕೆ ಹೊರಟ ಹಡಗಿನಲ್ಲಿ 81 ದಿನಕ್ಕೆ ಬರೀ 5 ಸೆಕೆಂಡ್ ಹಿಂದೆ ಬಿದ್ದಿದ್ದು ಇದೇ.

ಎಚ್1ರ ಮುಂದೆ ನಿಂತಾಗ ಮುಖ ನೋಡಬೇಡಿ, ಮೇಲೆ ನೋಡಿ. ತುದಿಯಲ್ಲಿ ಗುಂಡುಗಳಿರುವ ಎರಡು ತೂಗುಕೋಲುಗಳು ಒಂದಕ್ಕೊಂದು ಎದುರಾಗಿ ಆಡುತ್ತವೆ. ಹಡಗು ಹೊಯ್ದಾಡಿದಾಗ ಒಂದಕ್ಕೆ ಸಿಕ್ಕ ತಳ್ಳು ಇನ್ನೊಂದಕ್ಕೆ ಎದುರಾಗಿ ಸಿಕ್ಕು ವಜಾ ಆಗಲಿ ಎಂಬ ಲೆಕ್ಕ. ಫೋಟೊದಲ್ಲಿ ಇದು ಬರುವುದಿಲ್ಲ, ವಿಡಿಯೊ ಮಾಡಿ. ಫೋನಿನ ಲೆನ್ಸನ್ನು ಗಾಜಿನ ಹತ್ತಿರಕ್ಕೇ ಹಿಡಿದರೆ ನಿಮ್ಮ ಅಂಗಿಯ ಪ್ರತಿಬಿಂಬ ಬೀಳುವುದು ತಪ್ಪುತ್ತದೆ.

ಪ್ರಶ್ನೆ: ಜುಲೈನಲ್ಲಿ ಗ್ರೀನಿಚ್ ಗೇಟಿನ ಗಡಿಯಾರಕ್ಕೂ ನನ್ನ ಫೋನಿಗೂ ತಾಳೆ ಆಗಲಿಲ್ಲ. ಜಗತ್ತಿಗೆ ಗಂಟೆ ಹೇಳುವ ಊರಲ್ಲೇ ಹೀಗೇಕೆ?
— ಓದುಗರು, ಬೆಂಗಳೂರು

ಉತ್ತರ: ಎರಡೂ ಸರಿ. ಗೇಟಿನ ಗೋಡೆಯಲ್ಲಿರುವ 1852ರ ಶೆಪರ್ಡ್ ಗಡಿಯಾರ ವರ್ಷವಿಡೀ ಗ್ರೀನಿಚ್ ಸರಾಸರಿ ಕಾಲವನ್ನೇ ತೋರಿಸುತ್ತದೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಊರಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಳ್ಳುತ್ತಾರೆ. ಚೆಂಡು ಬೀಳುವುದು ಊರಿನ ಗಂಟೆಗೆ, ಆದ್ದರಿಂದ ಬೇಸಿಗೆಯಲ್ಲಿ ಚೆಂಡು 1ಕ್ಕೆ ಬೀಳುವಾಗ ಗೇಟಿನ ಗಡಿಯಾರದಲ್ಲಿ 12. ಇನ್ನೊಂದು ಗೊಂದಲ: ಅದರ ಮುಖದಲ್ಲಿ 24 ಗಂಟೆಗಳಿವೆ, ಸೊನ್ನೆ ಮೇಲೆ, 12 ಕೆಳಗೆ. ನಡುಮಧ್ಯಾಹ್ನ ಮುಳ್ಳು ನೇರ ಕೆಳಗೆ ನಿಂತಾಗ ಪ್ರವಾಸಿಗರು ಆರು ಎಂದು ಓದಿಕೊಳ್ಳುತ್ತಾರೆ.

ಭಾರತದ ಕಾಲ ಗ್ರೀನಿಚ್‌ಗಿಂತ 5.30 ಗಂಟೆ ಮುಂದೆ ತಾನೆ? ಭಾರತದ ಸಮಯವನ್ನೇ ಉಳಿಸಿಕೊಂಡ ಮುಳ್ಳಿನ ವಾಚನ್ನು ಈ ಗಡಿಯಾರದ ಮುಂದೆ ತಲೆಕೆಳಗಾಗಿ ಹಿಡಿಯಿರಿ. ನಮ್ಮ 3 ಗಂಟೆ 9.30 ಆಗಿ ಕಾಣುತ್ತದೆ, ಅದೇ ಗ್ರೀನಿಚ್ ಕಾಲ. ಗಂಟೆ ಮುಳ್ಳು ಮಾತ್ರ ಅರ್ಧ ಮನೆ ಹಿಂದಿರುತ್ತದೆ. ಚಳಿಗಾಲವಾಗಲಿ ಬೇಸಿಗೆಯಾಗಲಿ, ಈ ಗೇಟಿನ ಮುಂದೆ ಲೆಕ್ಕ ತಪ್ಪುವುದಿಲ್ಲ.

ಪ್ರಶ್ನೆ: ಬಿಗ್ ಬೆನ್ ಗೋಪುರ ಹತ್ತಬಹುದೇ? ಅದರ ಲೋಲಕದ ಮೇಲೆ ಚಿಲ್ಲರೆ ಕಾಸು ಇಡುತ್ತಾರೆ ಎಂಬುದು ನಿಜವೇ?
— ಓದುಗರು, ಮಂಗಳೂರು

ಉತ್ತರ: ಹತ್ತಬಹುದು. ಟಿಕೆಟ್ ತಿಂಗಳುಗಳ ಮೊದಲೇ ಖಾಲಿಯಾಗುತ್ತದೆ, ಹೋದಮೇಲೆ ನೋಡೋಣ ಎಂದರೆ ಆಗದು. 334 ಮೆಟ್ಟಿಲು, 11 ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ, ಫೋಟೊ ಇಲ್ಲ. ಮೊಣಕಾಲು ನೋವಿದ್ದವರು ಬಿಡುವುದೇ ಮೇಲು.

ಕಾಸಿನ ಮಾತು ನಿಜ. ಹಳೇ ಕಾಲದ ಒಂದು ಪೆನ್ನಿ ಇಟ್ಟರೆ ದಿನಕ್ಕೆ 0.4 ಸೆಕೆಂಡ್ ಮುಂದೆ ಓಡುತ್ತದೆ. ತೂಕ ಹೆಚ್ಚಿದ್ದಕ್ಕಲ್ಲ. ಕಾಸು ಕೂರುವುದು ಲೋಲಕದ ಭಾರದ ನಡುಬಿಂದುವಿಗಿಂತ ಮೇಲೆ, ಆಗ ಆ ಬಿಂದು ಕೂದಲೆಳೆಯಷ್ಟು ಮೇಲೇರಿ ಲೋಲಕ ಗಿಡ್ಡವಾದಂತೆ ಆಗುತ್ತದೆ. ಉಯ್ಯಾಲೆಯಲ್ಲಿ ಕೂತವನು ಎದ್ದು ನಿಂತರೆ ಜೀಕು ಚುರುಕಾಗುವುದೂ ಹೀಗೇ.

ಪ್ರಶ್ನೆ: ಅಪ್ಪನ ಎಚ್‌ಎಂಟಿ ಜನತಾ ಕಟ್ಟಿಕೊಂಡು ಪ್ರವಾಸ ಹೋಗಿಬಂದೆ. ಈಗ ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತಿದೆ. ವಿಮಾನ ನಿಲ್ದಾಣದ ಎಕ್ಸ್‌ರೇ ಕೆಡಿಸಿತೇ?
— ಓದುಗರು, ತುಮಕೂರು

ಉತ್ತರ: ಎಕ್ಸ್‌ರೇ ಏನೂ ಮಾಡದು. ವಾಚಿಗೆ ಆಯಸ್ಕಾಂತದ ಗುಣ ಅಂಟಿಕೊಂಡಿರಬಹುದು: ಮುಚ್ಚಳದಲ್ಲಿ ಮ್ಯಾಗ್ನೆಟ್ ಇರುವ ಫೋನ್ ಕವರ್, ಟ್ಯಾಬ್ ಕವರ್, ಸ್ಪೀಕರ್. ರಾತ್ರಿ ವಾಚನ್ನು ಅವುಗಳ ಮೇಲಿಟ್ಟರೆ ವಾಚಿನ ಓಟದ ಲಯ ಹಿಡಿಯುವ ಕೂದಲೆಳೆಯಂಥ ಸುರುಳಿ, ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗ್ ಗಿಡ್ಡವಾದಂತೆ ಆಗಿ, ವಾಚು ಓಟ ಕೀಳುತ್ತದೆ. ಮುಳ್ಳಿನ ದಿಕ್ಸೂಚಿಯ ಪಕ್ಕ ವಾಚನ್ನು ತಂದು ನೋಡಿ. ಮುಳ್ಳು ಅಲುಗಿದರೆ ಅನುಮಾನ ಗಟ್ಟಿ. ರಿಪೇರಿಯವರ ಬಳಿ ಆಯಸ್ಕಾಂತ ತೆಗೆಯುವ ಪುಟ್ಟ ಪೆಟ್ಟಿಗೆ ಇರುತ್ತದೆ. ಗುಂಡಿ ಒತ್ತಿ ಹಿಡಿದೇ ವಾಚನ್ನು ನಿಧಾನವಾಗಿ ಒಂದು ಮೊಳ ದೂರ ಎತ್ತಬೇಕು, ಆಮೇಲಷ್ಟೇ ಗುಂಡಿ ಬಿಡಬೇಕು. ಹತ್ತಿರವಿದ್ದಾಗಲೇ ಬಿಟ್ಟರೆ ಮೊದಲಿಗಿಂತ ಹೆಚ್ಚು ಹತ್ತಿಕೊಳ್ಳುತ್ತದೆ. ಇದರಿಂದಲೂ ಸರಿಹೋಗದಿದ್ದರೆ ಹೇರ್‌ಸ್ಪ್ರಿಂಗಿಗೆ ಎಣ್ಣೆ ಹತ್ತಿರಬಹುದು. ಆಗ ಬಿಚ್ಚಿ ತೊಳೆಸಬೇಕು.