ಮೊಲದ ಚಿತ್ರ ಇದ್ದರೆ ಸಾಕಾ?

ಪ್ರಶ್ನೆ: ಮೇಡಂ, ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ಮೊಲದ ಕಣ್ಣಿಗೆ ಶಾಂಪೂ ಹಾಕಿ ಪರೀಕ್ಷೆ ಮಾಡುವ ವಿಡಿಯೊ ನೋಡಿದ ಮೇಲೆ ಬಚ್ಚಲಮನೆಯ ಒಂದೊಂದೇ ಬಾಟಲಿ ತಂದು ‘ಇದನ್ನೂ ಹಾಗೇ ಮಾಡಿದ್ದಾರಾ ಅಮ್ಮ?’ ಅಂತ ಕೇಳುತ್ತಾಳೆ. ಕೆಲವಕ್ಕೆ ಮೊಲದ ಚಿತ್ರ ಇದೆ, ಕೆಲವಕ್ಕೆ ಹಸಿರು ಚುಕ್ಕೆ ಇದೆ, ಕೆಲವಕ್ಕೆ ಏನೂ ಇಲ್ಲ. ಯಾವುದನ್ನು ನಂಬೋದು?
– ಒಬ್ಬ ತಾಯಿ, ಶಿರಸಿ

ಉತ್ತರ: ಮಗಳನ್ನು ಸುಮ್ಮನಾಗಿಸಬೇಡಿ. ಅವಳು ನೋಡಿದ್ದು ನಿಜವಾಗಿ ನಡೆದಿರುವ ಪರೀಕ್ಷೆ. 1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಎಂಬ ವಿಜ್ಞಾನಿ ಅದಕ್ಕೊಂದು ಪದ್ಧತಿ ಮಾಡಿಕೊಟ್ಟರು. ಮೊಲ ತಲೆ ಆಡಿಸದ ಹಾಗೆ ಹಿಡಿದಿಟ್ಟು, ಕೆಳರೆಪ್ಪೆ ಎಳೆದು ಒಂದು ಕಣ್ಣಿಗೆ ಪದಾರ್ಥ ಹಾಕುತ್ತಾರೆ. ಇನ್ನೊಂದು ಕಣ್ಣು ಹೋಲಿಸಿ ನೋಡೋಕೆ. ಆಮೇಲೆ ದಿನಗಟ್ಟಲೆ ಕೆಂಪು ಎಷ್ಟು, ಊತ ಎಷ್ಟು ಅಂತ ಅಂಕ ಕೊಡುತ್ತಾ ಹೋಗುತ್ತಾರೆ. ಮೊಲಕ್ಕೆ ನಮ್ಮಷ್ಟು ಕಣ್ಣೀರು ಬರುವುದಿಲ್ಲ. ಹಾಕಿದ್ದು ತೊಳೆದುಹೋಗದೆ ಅಲ್ಲೇ ಉಳಿಯುತ್ತದೆ.

ಸಮಾಧಾನದ ಸಂಗತಿಯೂ ಇದೆ. 2014ರ ಮೇ ತಿಂಗಳಲ್ಲಿ ನಮ್ಮ ದೇಶ ಕಾಸ್ಮೆಟಿಕ್‌ಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು. ಅದೇ ವರ್ಷ ನವೆಂಬರ್‌ನಲ್ಲಿ, ಹಾಗೆ ಪರೀಕ್ಷೆ ಮಾಡಿದ ಕಾಸ್ಮೆಟಿಕ್‌ಗಳ ಆಮದಿಗೂ ತಡೆ ಬಿತ್ತು. ಯುರೋಪ್ ಒಕ್ಕೂಟ 2013ರಲ್ಲೇ ಅಂಥವುಗಳ ಮಾರಾಟವನ್ನು ಪೂರ್ತಿ ನಿಲ್ಲಿಸಿತ್ತು. ಅಂದರೆ ನಿಮ್ಮ ಬಚ್ಚಲಲ್ಲಿರುವ ಇಲ್ಲಿನದೇ ಶಾಂಪೂ, ಮೈಸೋಪು ಇವುಗಳ ಮೇಲೆ ಮೊಲದ ಚಿತ್ರ ಇರಲಿ ಬಿಡಲಿ, ಇಲ್ಲಿ ಅವುಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವ ಹಾಗಿಲ್ಲ.

ಹಾಗಾದರೆ ಅನುಮಾನ ಯಾಕೆ? ಬಾಟಲಿಯೊಳಗೆ ಇರುವ ಕಚ್ಚಾ ಪದಾರ್ಥಗಳಿಂದಾಗಿ. ನಾನು ಪೀಣ್ಯದ ಒಂದು ಶಾಂಪೂ ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ನೊರೆ ಬರಿಸುವ ಪದಾರ್ಥ ನೀಲಿ ಡ್ರಮ್ಮುಗಳಲ್ಲಿ ಬರುತ್ತಿತ್ತು. ಅಂಥ ಪ್ರತಿಯೊಂದು ಪದಾರ್ಥಕ್ಕೂ ಸೇಫ್ಟಿ ಡೇಟಾ ಶೀಟ್ ಅಂತ ಕಾಗದ ಇರುತ್ತದೆ. ಅದರ 11ನೇ ವಿಭಾಗ ವಿಷದ ಗುಣಕ್ಕೆ ಮೀಸಲು. ಅಲ್ಲಿ ‘ಎಲ್‌ಡಿ 50, ಓರಲ್, ರ್‍ಯಾಟ್’ ಅಂತ ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಹಾಕಿರುತ್ತಾರೆ. ಪರೀಕ್ಷೆಗೆ ಇಟ್ಟ ಇಲಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ ಅದು. ಆ ಸಾಲು ಓದುವಾಗಲೆಲ್ಲ ನನಗೆ ಸಂಕಟ ಆಗುತ್ತಿತ್ತು, ಈಗಲೂ ಆಗುತ್ತದೆ.

ಹಳೆಯ ಪದಾರ್ಥಗಳಲ್ಲಿ ಹೆಚ್ಚಿನವು ಎಂದೋ ಒಂದು ಕಾಲದಲ್ಲಿ ಈ ಹಾದಿಯಲ್ಲೇ ಬಂದಿವೆ. ಸತ್ತ ಇಲಿಗಳನ್ನು ಬದುಕಿಸಲು ಆಗುವುದಿಲ್ಲ. ಆದ್ದರಿಂದ ‘ಎಂದಾದರೂ ಪರೀಕ್ಷೆ ಆಗಿತ್ತಾ’ ಅಂತ ಕೇಳಿ ಪ್ರಯೋಜನ ಕಡಿಮೆ. ‘ಯಾವ ತಾರೀಖಿನಿಂದ ಈಚೆಗೆ ಆಗಿಲ್ಲ’ ಅಂತ ಕೇಳಬೇಕು.

ಒಳ್ಳೆಯ ಸರ್ಟಿಫಿಕೇಟ್ ಹಿಡಿಯುವುದು ಇದನ್ನೇ. ‘ಲೀಪಿಂಗ್ ಬನ್ನಿ’ ಅಂತ ನೆಗೆಯುವ ಮೊಲದ ಗುರುತು ಇದೆಯಲ್ಲ, ಅದನ್ನು ಪಡೆಯುವ ಕಂಪನಿ ಒಂದು ತಾರೀಖು ಗೊತ್ತುಮಾಡಿ, ಅಲ್ಲಿಂದಾಚೆ ತಾನಾಗಲೀ ತನಗೆ ಕಚ್ಚಾ ಮಾಲು ಕೊಡುವವರಾಗಲೀ ಪರೀಕ್ಷೆ ಮಾಡಿಲ್ಲ ಅಂತ ತೋರಿಸಬೇಕು. ಹೊರಗಿನವರ ತಪಾಸಣೆಗೆ ಒಪ್ಪಬೇಕು, ವರ್ಷ ವರ್ಷ ಮತ್ತೆ ಮಾತು ಕೊಡಬೇಕು. ಪ್ರಾಣಿಗಳ ಹಕ್ಕಿಗಾಗಿ ಕೆಲಸ ಮಾಡುವ ಪೇಟಾ ಸಂಸ್ಥೆಗೂ ಒಂದು ಮೊಲದ ಗುರುತಿದೆ, ಆದರೆ ಅದರ ಪಟ್ಟಿ ಮುಖ್ಯವಾಗಿ ಕಂಪನಿ ಬರೆದುಕೊಡುವ ಹೇಳಿಕೆಯ ಮೇಲೆ ನಿಂತಿದೆ. ನನ್ನ ಮಟ್ಟಿಗೆ ಮೊದಲನೆಯದಕ್ಕೆ ತೂಕ ಜಾಸ್ತಿ. ಇವೆರಡೂ ಅಲ್ಲದ ಮೊಲಗಳೂ ಡಬ್ಬಿಗಳ ಮೇಲೆ ಕಾಣುತ್ತವೆ. ಚಿತ್ರ ಬರೆಯಲು ಯಾರ ಅಪ್ಪಣೆಯೂ ಬೇಡ. ಆದ್ದರಿಂದ ಸಂಸ್ಥೆಯ ವೆಬ್‌ಸೈಟ್‌ಗೇ ಹೋಗಿ ಬ್ರ್ಯಾಂಡ್ ಹೆಸರು ಹಾಕಿ ಹುಡುಕಿ. ಮಗಳಿಗೆ ಹೇಳಿದರೆ ಎರಡು ನಿಮಿಷದ ಕೆಲಸ.

ಪಟ್ಟಿಯಲ್ಲಿ ಹೆಸರು ಸಿಗಲಿಲ್ಲವಾ? ಡಬ್ಬಿಯ ಮೇಲಿರುವ ಕಸ್ಟಮರ್ ಕೇರ್ ಇಮೇಲ್‌ಗೆ ಬರೆಯಿರಿ. ನಿಮ್ಮ ಕಚ್ಚಾ ಮಾಲಿನ ಸಪ್ಲೈಯರ್‌ಗಳು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುತ್ತಾರಾ? ಯಾವ ತಾರೀಖಿನಿಂದ ನಿಲ್ಲಿಸಿದ್ದೀರಿ? ಕಾನೂನು ಕೇಳುತ್ತದೆ ಅಂತ ಬೇರೆ ದೇಶದಲ್ಲಿ ಪರೀಕ್ಷೆ ಮಾಡಿಸುತ್ತೀರಾ? ಕೊನೆಯ ಪ್ರಶ್ನೆ ಬಿಡಬೇಡಿ. ಚೀನಾದಲ್ಲಿ 2021ರ ಮೇ ತಿಂಗಳಿಂದ ಆಮದಾಗುವ ಸಾಮಾನ್ಯ ಶಾಂಪೂ, ಲೋಶನ್‌ಗಳಿಗೆ ಸರಿಯಾದ ದಾಖಲೆ ಕೊಟ್ಟರೆ ಪ್ರಾಣಿ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ. ಕೂದಲಿನ ಡೈ, ಸನ್‌ಸ್ಕ್ರೀನ್, ಬಿಳುಪಿನ ಕ್ರೀಮುಗಳಿಗೆ ಆ ವಿನಾಯಿತಿ ಕೊಡಲಿಲ್ಲ. ಯುರೋಪಿನಲ್ಲೂ ಒಂದು ತೊಡಕಿದೆ. ಕಾಸ್ಮೆಟಿಕ್ ಕಾನೂನು ಪರೀಕ್ಷೆ ಬೇಡ ಅಂದರೂ ಅಲ್ಲಿನ ರಾಸಾಯನಿಕ ಕಾನೂನು ಬೇಕು ಅನ್ನಬಹುದು. ಸನ್‌ಸ್ಕ್ರೀನ್‌ಗೆ ಹಾಕುವ ಹೋಮೋಸಲೇಟ್ ವಿಚಾರದಲ್ಲಿ ತಯಾರಕರೊಬ್ಬರು ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು, 2023ರಲ್ಲಿ ಸೋತರು. ಮನೆಯ ಸನ್‌ಸ್ಕ್ರೀನ್ ಟ್ಯೂಬ್ ತಿರುಗಿಸಿ ನೋಡಿ, ಆ ಹೆಸರು ಕಂಡರೂ ಕಾಣಬಹುದು.

‘ನಮ್ಮ ಅಂತಿಮ ಉತ್ಪನ್ನವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದಿಲ್ಲ’ ಅಂತ ಒಂದೇ ಸಾಲು ಬಂದರೆ ಅದು ಪೂರ್ತಿ ಉತ್ತರ ಅಲ್ಲ. ಸಪ್ಲೈಯರ್ ಬಗ್ಗೆ ಮತ್ತೆ ಕೇಳಿ. ಆಧಾರ ಇಲ್ಲದೆ ‘ಕ್ರೂಯಲ್ಟಿ ಫ್ರೀ’ (ಪ್ರಾಣಿಹಿಂಸೆ ಇಲ್ಲದ್ದು) ಅಂತ ಬರೆದುಕೊಳ್ಳುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಜಾರಿಕೊಳ್ಳುವವರ ಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಇನ್ನು ಹಸಿರು ಚುಕ್ಕೆ. ಅದು ಒಳಗಿನ ಪದಾರ್ಥ ಸಸ್ಯಾಹಾರಿ ಮೂಲದ್ದು ಅನ್ನುತ್ತದೆ, ಅಷ್ಟೇ. ಪರೀಕ್ಷೆಯ ಬಗ್ಗೆ ಏನೂ ಹೇಳುವುದಿಲ್ಲ. ‘ವೀಗನ್’ (ಪ್ರಾಣಿಮೂಲದ್ದು ಏನೂ ಇಲ್ಲ) ಅಂತ ಬರೆದಿದ್ದರೂ ಅದೇ ಮಾತು.

ಪ್ರಶ್ನೆ: ಶಾಂಪೂ ಸರಿ. ಸೊಳ್ಳೆ ಲಿಕ್ವಿಡ್, ನೆಲ ಒರೆಸುವ ಫಿನಾಯಿಲ್, ಆಯುರ್ವೇದಿಕ್ ಪೇಸ್ಟ್ ಇವಕ್ಕೂ ಅದೇ ಕಾನೂನಾ?
– ಓದುಗರು, ಹಾಸನ

ಉತ್ತರ: ಇಲ್ಲ. 2014ರ ನಿಷೇಧ ಕಾಸ್ಮೆಟಿಕ್‌ಗೆ ಮಾತ್ರ. ಫಿನಾಯಿಲ್, ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪಿನ ಪುಡಿ ಅದರ ಹೊರಗಿವೆ. ಸೊಳ್ಳೆ ಕಾಯಿಲ್, ಜಿರಳೆ ಸ್ಪ್ರೇ 1968ರ ಕೀಟನಾಶಕ ಕಾಯ್ದೆಯ ಕೆಳಗೆ ನೋಂದಣಿ ಆಗಬೇಕು. ಅದಕ್ಕೆ ಪ್ರಾಣಿಗಳ ಮೇಲಿನ ವಿಷ ಪರೀಕ್ಷೆಯ ಮಾಹಿತಿ ಕೊಡಬೇಕಾಗುತ್ತದೆ. ಕಿಟಕಿಗೆ ಜಾಲರಿ, ಮಂಚಕ್ಕೆ ಬರೀ ಸೊಳ್ಳೆ ಪರದೆ ಹಾಕಿಸಿದರೆ ಈ ತಾಪತ್ರಯವೇ ಇಲ್ಲ. ಪೇಸ್ಟ್ ವಿಷಯಕ್ಕೆ ಬಂದರೆ ಡಬ್ಬಿಯ ಸಣ್ಣಕ್ಷರ ಓದಿ. ‘ಆಯುರ್ವೇದಿಕ್ ಪ್ರೊಪ್ರೈಟರಿ ಮೆಡಿಸಿನ್’ ಅಂತ ಇದ್ದರೆ ಅದಕ್ಕಿರುವುದು ಔಷಧಿಯ ಲೈಸೆನ್ಸ್, ಕಾಸ್ಮೆಟಿಕ್ ನಿಷೇಧ ಅದಕ್ಕೆ ಲಾಗೂ ಆಗುವುದಿಲ್ಲ. ಪರೀಕ್ಷೆ ಮಾಡಿಯೇ ಇದ್ದಾರೆ ಅಂತ ಅದರ ಅರ್ಥ ಅಲ್ಲ. ಕೇಳಿ ತಿಳಿದುಕೊಳ್ಳಬೇಕು.

ಪ್ರಶ್ನೆ: ಬಿಪಿ ಮಾತ್ರೆಯನ್ನೂ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿರುತ್ತಾರಂತೆ. ಮನಸ್ಸಿಗೆ ಹಿಂಸೆ ಆಗುತ್ತಿದೆ. ಮಾತ್ರೆ ಬಿಡಲಾ?
– ಓದುಗರು, ತುಮಕೂರು

ಉತ್ತರ: ಬಿಡಬೇಡಿ. ನೀವು ಮಾತ್ರೆ ಬಿಟ್ಟರೆ ಒಂದು ಇಲಿಯ ಜೀವವೂ ಉಳಿಯುವುದಿಲ್ಲ, ನಿಮ್ಮ ಜೀವಕ್ಕೆ ಮಾತ್ರ ಅಪಾಯ. ಔಷಧಿಯ ಪರೀಕ್ಷೆ ಕಾನೂನು ಕೇಳುವಂಥದ್ದು, ಲಿಪ್‌ಸ್ಟಿಕ್ ಜೊತೆ ಅದನ್ನು ಇಟ್ಟು ನೋಡಬಾರದು. ಅಲ್ಲೂ ದಾರಿ ತೆರೆಯುತ್ತಿದೆ. ಹೊಸ ಔಷಧಿಗಳಿಗೆ ಪ್ರಾಣಿ ಬಳಸದ ಪರೀಕ್ಷೆಗಳನ್ನೂ ಒಪ್ಪುವ ಹಾಗೆ ನಮ್ಮ ನಿಯಮ 2023ರಲ್ಲಿ ತಿದ್ದುಪಡಿ ಆಗಿದೆ. ಚರ್ಮದ ಉರಿ ನೋಡಲಂತೂ ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಚರ್ಮದ ಪದರವೇ ಸಿಗುತ್ತದೆ. ಪದಾರ್ಥ ಸವರಿ, ಆಮೇಲೆ ಒಂದು ಬಣ್ಣದ ದ್ರಾವಣ ಹಾಕುತ್ತಾರೆ. ಜೀವ ಉಳಿದ ಕೋಶಗಳು ನೇರಳೆಗೆ ತಿರುಗುತ್ತವೆ, ಸತ್ತವು ತಿರುಗುವುದಿಲ್ಲ. ಮಾತ್ರೆ ಕಡಿಮೆ ಮಾಡಲೇಬೇಕು ಅನಿಸಿದರೆ ಉಪ್ಪು, ನಡಿಗೆ, ತೂಕದ ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಕೂತು ಮಾತಾಡಿ. ಅಲ್ಲಿಯ ತನಕ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ.