ಬೆಂಗಳೂರಿನ ಫೈಲು, ಚಿಕಾಗೋದ ವಿಳಾಸ

ಹೋದ ಭಾನುವಾರ ಚಿಕಾಗೋ ಹತ್ತಿರದ ಅರೋರಾದ ಬಾಲಾಜಿ ದೇವಸ್ಥಾನದಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ನಿಂತಿದ್ದಾಗ ನೀವು ಕೇಳಿದಿರಿ. "ಅಕ್ಕಾ, ಬೆಂಗಳೂರಿನಲ್ಲಿದ್ದಾಗಲೇ ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದಲ್ಲಿ ಹೆಸರು ಬರೆಸಿದ್ದೇವೆ. ಮನೆಗೆ ಬಂದು ನಮ್ಮನ್ನು ನೋಡಿ ವರದಿ ಬರೆಯುವ ಹೋಮ್ ಸ್ಟಡಿ ಮುಗಿದಿದೆ. ನಮ್ಮ ಸರದಿಯೂ ಹತ್ತಿರ ಬಂದಿದೆ. ಈಗ ಇವರಿಗೆ ಇಲ್ಲಿಗೆ ಟ್ರಾನ್ಸ್‌ಫರ್ ಆಯ್ತು. ಅಲ್ಲಿಯ ವಿಳಾಸ ತೆಗೆದು ಇಲ್ಲಿಯದು ಹಾಕಿದರೆ ಸಾಕಲ್ವಾ?" ಸುತ್ತ ಜನ ಇದ್ದರು. ನಿಂತ ನಿಲುವಿನಲ್ಲಿ ಹೇಳುವ ಮಾತಲ್ಲ ಅಂತ ಬರೆದು ಕಳಿಸುತ್ತೇನೆ ಅಂದೆ. ನಾಲ್ಕು ದಿನ ಆಯ್ತು. ಮೂರು ಸಲ ಬರೆದು ಅಳಿಸಿದ್ದೇನೆ.

ಕಹಿ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸಾಕಾಗುವುದಿಲ್ಲ. ದತ್ತುವಿನಲ್ಲಿ ವಿಳಾಸ ಅಂದರೆ ಬರೀ ಕಾಗದ ಬಂದು ಬೀಳುವ ಜಾಗ ಅಲ್ಲ. ನೀವು ಎಲ್ಲಿ ಬದುಕುತ್ತಿದ್ದೀರಿ ಅನ್ನುವುದರ ಮೇಲೆ ಇಡೀ ದಾರಿಯೇ ಬದಲಾಗುತ್ತದೆ. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ ವಾಸ ಹೊರದೇಶದಲ್ಲಾದರೆ ನಿಮ್ಮದು ಅಂತರ ದೇಶೀಯ ದತ್ತು, ಅಂದರೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವ ದತ್ತು. ಎನ್‌ಆರ್‌ಐಗಳಿಗೆ ಸರದಿಯಲ್ಲಿ ಭಾರತದಲ್ಲಿರುವವರಷ್ಟೇ ಆದ್ಯತೆ ಇದೆ, ಅದು ನಿಜ. ಆದರೆ ಆ ನಿಮ್ಮ ಬೆಂಗಳೂರಿನ ಹೋಮ್ ಸ್ಟಡಿ ಬನಶಂಕರಿಯ ಫ್ಲಾಟ್ ನೋಡಿ ಬರೆದದ್ದು. ಇಲ್ಲಿ ಕಾರಾ ಒಪ್ಪಿದ ಏಜೆನ್ಸಿಯೊಂದು ಹೊಸದಾಗಿ ಬರೆಯಬೇಕು. ಇಂಥ ದತ್ತುವಿಗಾಗಿ ದೇಶಗಳು ಮಾಡಿಕೊಂಡ 1993ರ ಹೇಗ್ ಒಪ್ಪಂದದ ಪ್ರಕಾರ ಈ ದೇಶವೂ ಒಪ್ಪಿಗೆ ಕೊಡಬೇಕು. ಆಮೇಲೆ ಕಾರಾದ ಎನ್‌ಒಸಿ. ಆಮೇಲೆ ದತ್ತು ಆದೇಶ. ನಮ್ಮ ಕಾಲದಲ್ಲಿ ಅದನ್ನು ಕೋರ್ಟು ಕೊಡುತ್ತಿತ್ತು, 2022ರಿಂದ ಜಿಲ್ಲಾಧಿಕಾರಿ ಕೊಡುತ್ತಾರೆ.

ಇದಕ್ಕಿಂತ ದೊಡ್ಡ ಗೋಡೆ ಅಮೆರಿಕದ ಕಡೆಯದು. ಹೇಗ್ ಒಪ್ಪಂದಕ್ಕೆ ಸೇರಿದ ಭಾರತದಂಥ ದೇಶದಿಂದ ಮಗುವನ್ನು ತರಲು ಇಲ್ಲಿ ಮೊದಲು ಐ-800ಎ ಅನ್ನುವ ಅರ್ಜಿ ಹಾಕಬೇಕು. ಅದನ್ನು ಹಾಕಲು ಗಂಡ ಹೆಂಡತಿಯಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆ ಆಗಿರಬೇಕು. ಗ್ರೀನ್ ಕಾರ್ಡ್ ಇದ್ದರೂ ಆಗದು. ನಿಮ್ಮದಿನ್ನೂ ಕೆಲಸದ ವೀಸಾ. ಭಾರತೀಯರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಮಾತು ಕೇಳಿದ ಕೂಡಲೇ ಯಾರಾದರೂ ನಿಮಗೆ ಒಂದು ಉಪಾಯ ಹೇಳುತ್ತಾರೆ. "ಬೆಂಗಳೂರಿನ ವಿಳಾಸ ಹಾಗೇ ಇರಲಿ, ಸುಮ್ನಿರಿ. ರೆಫರಲ್, ಅಂದರೆ ಇಂಥ ಮಗು ಇದೆ ಅನ್ನುವ ಫೈಲ್, ಬಂದಾಗ ರಜೆ ಹಾಕಿ ಹೋಗಿ ಮಗು ತಗೊಂಡು ಬನ್ನಿ." ದಯವಿಟ್ಟು ಹಾಗೆ ಮಾಡಬೇಡಿ. ಹಾಗೆ ಮಾಡಿದ ಒಂದು ದಂಪತಿ ನನಗೆ ಗೊತ್ತು. ಮಗು ಮಡಿಲಿಗೆ ಬಂತು, ಭಾರತದ ಪಾಸ್‌ಪೋರ್ಟೂ ಬಂತು. ಅಮೆರಿಕದ ವೀಸಾ ಬರಲಿಲ್ಲ. ಇಲ್ಲಿಯ ಕಾನೂನಿನಲ್ಲಿ ಹೇಗ್ ದಾರಿ ಬಿಟ್ಟು ಬಂದ ಮಗು ನಿಮ್ಮ ಮಗು ಅಂತ ಲೆಕ್ಕಕ್ಕೆ ಬರಬೇಕಾದರೆ ಎರಡು ವರ್ಷ ಅದರ ಕಾನೂನುಬದ್ಧ ಪಾಲನೆ ನಿಮ್ಮದಾಗಿರಬೇಕು, ಎರಡು ವರ್ಷ ಅದರ ಜೊತೆ ವಾಸ ಮಾಡಿರಬೇಕು. ಆ ಹೆಣ್ಣುಮಗಳು ಮೈಸೂರಿನಲ್ಲಿ ಮಗುವಿನ ಜೊತೆ ಉಳಿದಳು. ಗಂಡ ಇಲ್ಲಿ ಒಬ್ಬನೇ. ಮಗು ಎರಡು ವರ್ಷ ಅಪ್ಪನನ್ನು ಫೋನಿನಲ್ಲಿ ನೋಡಿತು. ಮೊದಲೇ ಒಮ್ಮೆ ಎಲ್ಲರನ್ನೂ ಕಳಕೊಂಡ ಮಗು ಅದು.

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನಾವೂ ಅರ್ಧ ದಾರಿಯಲ್ಲಿ ದೇಶ ಬದಲಿಸಿದವರು, ಬೇರೆ ರೀತಿಯಲ್ಲಿ.

1997ರ ನವೆಂಬರ್‌ನಲ್ಲಿ ನಾನು ಓಹೇರ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಕಾಲಲ್ಲಿ ಚಪ್ಪಲಿ ಇತ್ತು, ಕೈಯಲ್ಲಿ ಅಮ್ಮ ಸಾಗರದಿಂದ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ. ವಾರಕ್ಕೊಮ್ಮೆ ಫೋನ್ ಕಾರ್ಡ್ ಗೀರಿ ಊರಿಗೆ ಮಾತಾಡುವುದು. ಐದು ವರ್ಷ ಆದ ಮೇಲೆ ಆ ಹತ್ತು ನಿಮಿಷದಲ್ಲೂ ಒಂದು ನಿಮಿಷ "ಏನಾದರೂ ವಿಶೇಷ?" ಅನ್ನುವುದಕ್ಕೇ ಹೋಗುತ್ತಿತ್ತು. ವಿಶೇಷ ಇರಲಿಲ್ಲ. 2008ರಲ್ಲಿ ಇವರಿಗೆ ಇಲ್ಲಿಯ ಪೌರತ್ವ ಬಂತು. ಮರು ವರ್ಷ ದತ್ತುವಿಗೆ ಅರ್ಜಿ ಹಾಕಿದೆವು. ಭಾರತಕ್ಕಲ್ಲ, ನೇಪಾಳಕ್ಕೆ.

ಯಾಕೆ ನೇಪಾಳ ಅಂತ ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳುತ್ತಿದ್ದೆ. ಆಗಷ್ಟೇ ಅವರು ಮತ್ತೆ ಅರ್ಜಿ ತೆಗೆದುಕೊಳ್ಳಲು ಶುರು ಮಾಡಿದ್ದರು, ಬೇಗ ಆಗುತ್ತೆ, ಹೀಗೆ. ನಿಜವಾದ ಕಾರಣ ನಿಮಗೆ ಹೇಳುತ್ತೇನೆ, ನೀವು ನಮ್ಮ ಕಡೆಯವರು, ಬಿಡಿಸಿ ಹೇಳಬೇಕಾಗಿಲ್ಲ. ಭಾರತದಿಂದ ಮಗು ತಂದರೆ ಊರಲ್ಲಿ ಮೊದಲ ಪ್ರಶ್ನೆ "ಯಾವ ಜನ?" ಅಂತ. ನೇಪಾಳದ ಮಗು ಅಂದರೆ ಪಶುಪತಿನಾಥನ ಊರಿನ ಮಗು. ಜಾತಿ ಕೇಳಿದರೆ ಬೇರೆ ದೇಶ, ಗೊತ್ತಿಲ್ಲ ಅಂದುಬಿಡಬಹುದು. ಒಂದು ಪ್ರಶ್ನೆಗೆ ಹೆದರಿ ನಾನು ದೇಶ ಆರಿಸಿದೆ.

ಎರಡು ವರ್ಷದೊಳಗಿನ ಹೆಣ್ಣುಮಗು ಬೇಕು ಅಂತ ಬರೆದೆವು. ಕಠ್ಮಂಡುವಿನಲ್ಲಿ ಚಳಿ ಅಂತ ಅಮ್ಮ ಹಳದಿ ಉಲ್ಲನ್ನಿನ ಸ್ವೆಟರ್ ಹೆಣೆದು ಕಳಿಸಿದರು. ನಾನು ಅದನ್ನು ತೊಟ್ಟಿಲ ಮೇಲೆ ಹಾಸಿದೆ. ಕಾಯುತ್ತ ಕಾಯುತ್ತ ಆ ಸ್ವೆಟರಿನೊಳಗೆ ಒಂದು ಮಗು ಬೆಳೆಯಿತು. ಅದಕ್ಕೆ ಮುಖ ಬಂತು, ನಗು ಬಂತು. ನಾನು ಅದನ್ನು ಹೆಸರಿಟ್ಟು ಕರೆಯುತ್ತಿದ್ದೆ.

2010ರ ಆಗಸ್ಟ್ 6, ಶುಕ್ರವಾರ. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ವಾರ ಇತ್ತು. ಅನಾಥವಾಗಿ ಸಿಕ್ಕಿತು ಅಂತ ದಾಖಲಾದ ನೇಪಾಳದ ಮಕ್ಕಳ ಹೊಸ ಅರ್ಜಿಗಳನ್ನು ನಿಲ್ಲಿಸುತ್ತೇವೆ ಅಂತ ಅಮೆರಿಕ ಸರ್ಕಾರ ಹೇಳಿತು. ಆ ಮಕ್ಕಳ ಕಾಗದಪತ್ರ ನಂಬುವ ಹಾಗಿಲ್ಲ ಅಂತ. ನಿಜವಾದ ತಂದೆತಾಯಿ ಇರುವ ಮಕ್ಕಳೂ ಅದರಲ್ಲಿ ಸೇರಿರಬಹುದು ಅನ್ನುವ ಆತಂಕ ಅದರ ಹಿಂದೆ ಇತ್ತು. ಸರಿಯಾದ ನಿರ್ಧಾರವೇ. ಯಾವುದೋ ತಾಯಿಯ ಮಗು ಹಾಗೆ ನಮ್ಮ ಮನೆಗೆ ಬರುವುದು ಬೇಡ. ಅವತ್ತು ಮಾತ್ರ ನನಗೆ ಅದೆಲ್ಲ ತಲೆಗೆ ಹೋಗಲಿಲ್ಲ. ನಮಗೆ ಇನ್ನೂ ಯಾವ ಮಗುವಿನ ಪತ್ರವೂ ಬಂದಿರಲಿಲ್ಲ. ಆದರೂ ಮಗು ಹೋದ ಹಾಗೆ ಅತ್ತೆ. ಕಟ್ಟಿದ ಹಣದಲ್ಲಿ ಜಾಸ್ತಿ ಪಾಲು ವಾಪಸ್ ಬರಲಿಲ್ಲ.

ಅಕ್ಟೋಬರ್‌ನಲ್ಲಿ ಭಾರತಕ್ಕೆ ಬದಲಿಸಿದೆವು. ಕಾಗದದ ಮಟ್ಟಿಗೆ ಅದು ಬರೀ ಸುಸ್ತು. ನೇಪಾಳ ಹೇಗ್ ಒಪ್ಪಂದದ ಹೊರಗೆ, ಭಾರತ 2003ರಿಂದ ಒಳಗೆ. ಹಾಗಾಗಿ ಹೊರಗಿನ ದೇಶಗಳಿಗೆ ಹಾಕುವ ಹಳೆಯ ಐ-600ಎ ಒಪ್ಪಿಗೆ ಉಪಯೋಗಕ್ಕೆ ಬರಲಿಲ್ಲ, ಐ-800ಎ ಹೊಸದಾಗಿ ಹಾಕಿದೆವು. ಬೆರಳಚ್ಚು ಮತ್ತೆ, ಹೋಮ್ ಸ್ಟಡಿ ಮತ್ತೆ. ಸೋಷಿಯಲ್ ವರ್ಕರ್ ಒಳ್ಳೆಯ ಹೆಂಗಸು. "ಐದು ವರ್ಷದವರೆಗೆ, ಗಂಡಾದರೂ ಹೆಣ್ಣಾದರೂ ಸರಿ ಅಂತ ಬರೆಯಲಾ?" ಅಂತ ಕೇಳಿದರು. ಇವರು ತಲೆ ಆಡಿಸಿದರು. ನಾನೂ ಆಡಿಸಿದೆ. ಮನಸ್ಸು ಆಡಿಸಿರಲಿಲ್ಲ.

2011ರ ಮಾರ್ಚ್‌ನಲ್ಲಿ ಒಂದು ಫೈಲ್ ಬಂತು. ಕರ್ನಾಟಕದ್ದೇ ಒಂದು ಸಂಸ್ಥೆಯ ಹುಡುಗ. ನಾಲ್ಕೂವರೆ ವರ್ಷ. ನೀಲಿ ಅಂಗಿಯ ಗುಂಡಿ ಒಂದು ಮೇಲೆ ಕೆಳಗೆ ಹಾಕಿಕೊಂಡಿದ್ದ. ಒಂದು ಕಿವಿ ಸ್ವಲ್ಪ ಮಂದ. ಊಟದ ಗಂಟೆ ಬಾರಿಸುವ ಕೆಲಸ ತನ್ನದೇ ಅಂತ ಹಟ ಮಾಡುತ್ತಾನೆ ಅಂತ ಬರೆದಿದ್ದರು. ಆಡುವ ಭಾಷೆ: ಕನ್ನಡ.

ಇಲ್ಲಿಯ ಮಕ್ಕಳ ಡಾಕ್ಟರಿಗೆ ರಿಪೋರ್ಟ್ ತೋರಿಸಿದೆವು. ಕಿವಿಗೊಂದು ಯಂತ್ರ ಇಟ್ಟರೆ ಶಾಲೆಗೆ ಏನೂ ತೊಂದರೆ ಇಲ್ಲ ಅಂದರು. ಇವರು ಎರಡು ದಿನ ಆ ಫೋಟೋವನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಆಫೀಸಿಗೆ ಹೋದರು. ನಾನು ಬೇಡ ಅಂದೆ. ಕಿವಿಯ ಕಾರಣ ಹೇಳಿದೆ. ಸೋಷಿಯಲ್ ವರ್ಕರ್‌ಗೆ ಹಾಗೇ ಬರೆದು ಕಳಿಸಿದೆ. ಕಿವಿ ಕಾರಣ ಆಗಿರಲಿಲ್ಲ. ಆ ಹಳದಿ ಸ್ವೆಟರ್ ಅವನಿಗೆ ಆಗುತ್ತಿರಲಿಲ್ಲ, ಅಷ್ಟೆ. ಅರ್ಜಿಯಲ್ಲಿ ದೇಶ ಬದಲಿಸಿದ್ದೆ, ಮನಸ್ಸಿನಲ್ಲಿದ್ದ ಮಗುವನ್ನು ಬದಲಿಸಿರಲಿಲ್ಲ. ಇಲ್ಲದ ಒಂದು ಮಗುವಿಗಾಗಿ ಇದ್ದ ಮಗುವನ್ನು ಬೇಡ ಅಂದೆ. ಮನೆಯಲ್ಲಿ ಕನ್ನಡ ಆಡುವ ಮಗು ಬೇಕು ಅಂತ ಹದಿನಾಲ್ಕು ವರ್ಷ ಹಂಬಲಿಸಿದವಳೂ ನಾನೇ.

ಅವನಿಗೆ ಈಗ ಹದಿನೆಂಟು ದಾಟಿರುತ್ತದೆ. ಬೇಡ ಅಂದವರಿಗೆ ಆಮೇಲಿನ ಸುದ್ದಿ ಯಾರೂ ಹೇಳುವುದಿಲ್ಲ, ಹೇಳಲೂಬಾರದು. ದೇವಸ್ಥಾನದಲ್ಲಿ ಗಂಟೆ ಬಾರಿಸಲು ಎಗರುವ ಹುಡುಗರನ್ನು ನೋಡಿದಾಗ ನಾನು ಆ ಕಡೆ ತಿರುಗಿಬಿಡುತ್ತೇನೆ. ಭಾನುವಾರ ನೀವು ಅದನ್ನು ಗಮನಿಸಿರಬಹುದು.

ನಮ್ಮ ಮಗಳ ಫೈಲ್ ಬಂದದ್ದು ಮರು ವರ್ಷ, ಒಡಿಶಾದಿಂದ. ಮೂರು ವರ್ಷದವಳು. ದೆಹಲಿಯ ಅಮೆರಿಕ ರಾಯಭಾರ ಕಚೇರಿಯಲ್ಲಿ ವೀಸಾ ಆಗುವವರೆಗೆ 2013ರ ಜನವರಿಯ ಮಂಜಿನಲ್ಲಿ ಒಂದು ಹೋಟೆಲ್ ಕೋಣೆಯಲ್ಲಿ ಮೂವರೂ ಕಂಬಳಿ ಹೊದ್ದು ಕೂತಿದ್ದೆವು. ಅವಳಿಗೆ ಕನ್ನಡ ಬಾರದು, ನಮಗೆ ಒಡಿಯಾ ಬಾರದು. ಅನ್ನ ಮೊಸರು ಕಲಸಿ ಕೊಟ್ಟಾಗ ಬಾಯಿ ತೆರೆದಳು. ಓಹೇರ್‌ನಲ್ಲಿ ಇಮಿಗ್ರೇಷನ್ ದಾಟಿದ ಕೂಡಲೇ, 2000ದ ಕಾನೂನಿನ ಪ್ರಕಾರ, ಅವಳು ಅಮೆರಿಕದ ಪ್ರಜೆ. ನನಗೆ ಅದಕ್ಕೆ ಎಷ್ಟೋ ವರ್ಷ ಬೇಕಾಗಿತ್ತು! ಈಗ ಹೈಸ್ಕೂಲಿನಲ್ಲಿದ್ದಾಳೆ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ನಿರೂಪಣೆ ಮಾಡಿದವಳು ಅವಳೇ. ಅವಳಿಲ್ಲದ ಮನೆ ನನಗೆ ಊಹಿಸಲೂ ಆಗದು. ಊರಲ್ಲಿ "ಯಾವ ಜನ?" ಅಂತ ಕೇಳಿದರು, ನಿಜ. ಅಮ್ಮ "ನಮ್ಮ ಜನ" ಅಂದರು. ಅಲ್ಲಿಗೆ ಮುಗಿಯಿತು. ಅದಕ್ಕಾಗಿ ನಾನು ನೇಪಾಳದವರೆಗೆ ಹೋಗಿದ್ದೆ.

ಈಗ ನಿಮ್ಮ ವಿಷಯ. ನಿಮ್ಮ ಜಾಗದಲ್ಲಿ ನಾನಿದ್ದರೆ ಇವರಿಗೆ ವಾಪಸ್ ಹೋಗೋಣ ಅನ್ನುತ್ತಿದ್ದೆ. ಕೆಲಸ ಮತ್ತೆ ಸಿಗುತ್ತದೆ, ಸರದಿ ಹತ್ತಿರ ಬಂದದ್ದು ಮತ್ತೆ ಸಿಗುವುದು ಕಷ್ಟ. ನಿಮಗೆ 38, ಅವರಿಗೆ 41, ಎರಡೂ ಸೇರಿ 79. ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ವಯಸ್ಸು ಕೂಡಿದರೆ 85 ದಾಟಬಾರದು ಅಂತ 2022ರ ನಿಯಮ. ವರ್ಷಕ್ಕೆ ಎರಡು ಏರುತ್ತದೆ, ಮತ್ತೆ ಹೆಸರು ಬರೆಸಬೇಕಾಗಿ ಬಂದರೆ ಮೂರೇ ವರ್ಷ ಉಳಿದಿದೆ. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100. ದೊಡ್ಡ ಮಗು ಅಂದರೆ ಸಮಯವೂ ಇದೆ. ನಾನು ಯಾಕೆ ಹೇಳುತ್ತಿದ್ದೇನೆ ಅಂತ ನಿಮಗೆ ಗೊತ್ತಾಗುತ್ತದೆ.

ಏನೇ ತೀರ್ಮಾನ ಮಾಡಿದರೂ ಊರು ಬಿಟ್ಟ ವಿಷಯವನ್ನು ಕಾರಾಗೆ, ನಿಮ್ಮ ಹೋಮ್ ಸ್ಟಡಿ ಮಾಡಿದವರಿಗೆ ಈ ವಾರವೇ ಬರೆದು ತಿಳಿಸಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ವಾಪಸ್ ಹೋಗಿ ದತ್ತು ಮುಗಿಸಿದ ಮೇಲೂ ಎರಡು ವರ್ಷ ಮಗುವನ್ನು ನೋಡಲು ಬರುತ್ತಾರೆ. ಅಷ್ಟರೊಳಗೆ ಮತ್ತೆ ಎಲ್ಲಿಗಾದರೂ ಹೊರಟರೆ ಅದನ್ನೂ ತಿಳಿಸಬೇಕು. ಟೊರಾಂಟೊಗೆ ಟ್ರಾನ್ಸ್‌ಫರ್ ಕೇಳಿದರೆ ಕೊಡಬಹುದು ಅಂದಿರಿ. ಕೆನಡಾದಲ್ಲಿ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಸಿಕ್ಕವರೂ ದತ್ತು ಮಗುವನ್ನು ಸ್ಪಾನ್ಸರ್ ಮಾಡಬಹುದು, ಪೌರತ್ವಕ್ಕೆ ಕಾಯಬೇಕಿಲ್ಲ. ಆದರೆ ಅದು ಇನ್ನೊಂದು ದೇಶ, ಇನ್ನೊಂದು ಹೋಮ್ ಸ್ಟಡಿ. ದತ್ತು ಮತ್ತು ವೀಸಾ ಎರಡೂ ಬಲ್ಲ ವಕೀಲರನ್ನು ಒಮ್ಮೆ ನೋಡಿ. ಬರೀ ಎಚ್-1ಬಿ ಕೆಲಸದ ವೀಸಾ ಮಾಡುವವರು ಬೇಡ.

ಡೇಕೇರ್, ಇನ್ಶೂರೆನ್ಸ್ ಅಂತ ಕೇಳಿದ್ದಿರಿ. ಅವೆಲ್ಲ ಹೇಗೋ ಆಗುತ್ತವೆ. ಚಳಿಗೆ ಒಳ್ಳೆಯ ಬೂಟು ಮಾತ್ರ ಈಗಲೇ ತಗೊಳ್ಳಿ.

ಭಾನುವಾರ ನೀವು ಫೋನಿನಲ್ಲಿ ತೊಟ್ಟಿಲಿನ ಫೋಟೋ ತೋರಿಸಿದಿರಿ. ಹೆಸರೂ ಇಟ್ಟಾಗಿದೆ ಅಂದಿರಿ. ನನಗೆ ಅಲ್ಲೇ ಎದೆ ಝಲ್ ಅಂದಿತು. ತೊಟ್ಟಿಲು ತೆಗೆಯಿರಿ ಅಂತ ಹೇಳಲಾರೆ. ಅಮ್ಮನ ಆ ಸ್ವೆಟರ್ ನನ್ನ ಬೀರುವಿನಲ್ಲಿ ಇನ್ನೂ ಇದೆ. ಮಗಳಿಗೆ ಬಂದ ದಿನವೇ ಚಿಕ್ಕದಾಗಿತ್ತು, ಒಂದು ಸಲವೂ ಹಾಕಲಿಲ್ಲ.

ನಿಮ್ಮ ಫೈಲ್ ಇನ್ನೂ ತೆರೆದೇ ಇದೆ. ಈ ಗೊಂದಲದ ನಡುವೆಯೇ ರೆಫರಲ್ ಬಂದರೂ ಬರಬಹುದು. ಅಲ್ಲಿ ಹಗಲಾದಾಗ ಇಲ್ಲಿ ರಾತ್ರಿ. ಬಂದರೆ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡಿ, ಇಬ್ಬರೂ ಬಂದುಬಿಡುತ್ತೇವೆ. ಒಟ್ಟಿಗೆ ಕೂತು ಓದೋಣ. ನೀವು ಉತ್ತರ ಬರೆಯುವ ಮೊದಲು.